ಕಚೇರಿಯಲ್ಲಿ ಮಾಡಿದ ಕುಬಸ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಊರಿನ ಸರಕಾರಿ ಕಚೇರಿಗಳಲ್ಲಿ ನಾನು ಕೆಲಸ ಮಾಡಿದ್ದೇನೆ. ಈಗ ಹೇಳಹೊರಟಿರುವುದು ಅವುಗಳಲ್ಲಿ ಒಂದು ಊರಿನ ಸಂಗತಿ. ಯಾವ ಊರು ಅಂತ ಹೇಳುವುದಿಲ್ಲ, ಯಾವ ಇಲಾಖೆ ಅಂತಲೂ ಹೇಳುವುದಿಲ್ಲ. ಆ ಹುಡುಗಿಯ ತವರು ತಾಳಿಕೋಟೆ, ಗಂಡನ ಮನೆ ಮುಳವಾಡದ ಆಚೆಯ ಒಂದು ಹಳ್ಳಿ ಎಂದು ಹೇಳಿದ ಕೂಡಲೇ ನಮ್ಮ ಕಡೆಯ ಜಾಣರು ಬಸ್ಸಿನ ರೂಟು ಹಿಡಿದು ಕಚೇರಿ ಹುಡುಕಲು ಹೊರಡುತ್ತಾರೆ. ಹೊರಡಬೇಡಿ. ಕೆಲಸ ಸಿಕ್ಕರೆ ನಮ್ಮ ಜನ ಎಷ್ಟು ದೂರದ ಬಸ್ಸನ್ನಾದರೂ ಹತ್ತುತ್ತಾರೆ, ಇಲ್ಲವೇ ಕಚೇರಿಯ ಊರಲ್ಲೇ ಒಂದು ಖೋಲಿ ಹಿಡಿಯುತ್ತಾರೆ. ಇಷ್ಟಕ್ಕೂ ತಪ್ಪು ಆ ಕಟ್ಟಡದ್ದಲ್ಲ, ನನ್ನದು.

ನಾನು ಅಲ್ಲಿ ಅಧೀಕ್ಷಕಿಯಾಗಿದ್ದೆ. ಅಂದರೆ ಗುಮಾಸ್ತರಿಗೆಲ್ಲ ಹಿರಿಯಳು, ಸಾಹೇಬರಿಗೆ ಕಿರಿಯಳು, ಇಬ್ಬರಿಂದಲೂ ಬೈಸಿಕೊಳ್ಳುವವಳು. ವಿಜಯಪುರದ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕಚೇರಿಯಲ್ಲಿ ಅರ್ಧದಷ್ಟು ನನ್ನಂಥ ಕಾಯಂ ನೌಕರರು, ಉಳಿದವರೆಲ್ಲ ಹೊರಗುತ್ತಿಗೆಯವರು. ಹೊರಗುತ್ತಿಗೆಯವರು ನಮ್ಮ ಪಕ್ಕದಲ್ಲೇ ಕೂತು, ನಮ್ಮದೇ ಕೆಲಸ ಮಾಡಿ, ನಮ್ಮದೇ ಸಾಹೇಬರಿಂದ ಬೈಸಿಕೊಳ್ಳುತ್ತಾರೆ. ಆದರೆ ಅವರ ಯಜಮಾನ ಜಿಲ್ಲಾ ಕೇಂದ್ರದಲ್ಲಿ ಕೂತ ಏಜೆನ್ಸಿಯವನು. ವರ್ಷಕ್ಕೊಮ್ಮೆ ಮಾರ್ಚಿಯಲ್ಲಿ ಅವನ ಕರಾರು ಮುಗಿಯುತ್ತದೆ, ಏಪ್ರಿಲಿನಲ್ಲಿ ಅವನದೋ ಇನ್ನೊಬ್ಬನದೋ ಹೊಸ ಕರಾರು ಶುರುವಾಗುತ್ತದೆ. ಆ ಕರಾರಿನಲ್ಲಿ ಹೆಸರು ಸೇರಿದವರು ಒಂದು ವರ್ಷ ಉಸಿರಾಡಬಹುದು. ಹೀಗಾಗಿ ಮಾರ್ಚಿ ಬಂದರೆ ನಮಗೆ ಬಿಲ್ಲುಗಳ ಚಿಂತೆ, ಅವರಿಗೆ ಜಾಗದ ಚಿಂತೆ.

ಇವರ ಜೊತೆ ಹೇಗಿರಬೇಕು ಎಂಬ ವಿಷಯದಲ್ಲಿ ನಾನು ಬಹಳ ಖಡಕ್ ಎಂದು ಹೆಸರಾಗಿದ್ದೆ. ಗೆರೆ ಎಳೆಯುವುದು ನನಗೆ ಹುಟ್ಟಿನಿಂದ ಬಂದ ವಿದ್ಯೆ. ನಮ್ಮದು ಮರಾಠಿ, ಕನ್ನಡ ಎರಡೂ ಆಡುವ ವೈಷ್ಣವರ ಮನೆ. ಅಜ್ಜಿಯ ಮಡಿಗೆ ಅಡುಗೆಮನೆಯ ಹೊಸ್ತಿಲಲ್ಲಿ ಒಂದು ಗೆರೆ, ನೀರಿನ ಹಂಡೆಯ ಹತ್ತಿರ ಒಂದು ಗೆರೆ, ಹಿತ್ತಲ ಬಾಗಿಲಲ್ಲಿ ಮತ್ತೊಂದು. ನಾನು ಓದಿದವಳು, ಆ ಗೆರೆಗಳನ್ನೆಲ್ಲ ಬೈದು ಅಳಿಸಿ ಹೊರಗೆ ಬಂದೆ. ಬಂದವಳು ಕಚೇರಿಯಲ್ಲಿ ನನ್ನದೇ ಗೆರೆ ಎಳೆದುಕೊಂಡೆ. ಹೊರಗುತ್ತಿಗೆಯವರಿಗೆ ಯಾರೂ ಮನೆಯ ಕೆಲಸ ಹೇಳಬಾರದು. ಅವರಿಂದ ತರಕಾರಿ ತರಿಸಬಾರದು, ಹಬ್ಬಕ್ಕೆ ಅವರ ಹತ್ತಿರ ಏನೂ ತೆಗೆದುಕೊಳ್ಳಬಾರದು. ನಮ್ಮ ಗುಮಾಸ್ತರೊಬ್ಬರು ಹೊರಗುತ್ತಿಗೆಯ ಜವಾನನನ್ನು ತಮ್ಮ ಮಕ್ಕಳನ್ನು ಸಾಲಿಗೆ ಬಿಟ್ಟುಬರಲು ಕಳಿಸುತ್ತಿದ್ದರು. ಎಲ್ಲರ ಎದುರಿಗೆ ಅವರ ಮಾನ ಕಳೆದೆ. ಆ ದಿನ ಬಸ್ಸಿನಲ್ಲಿ ಮನೆಗೆ ಬರುವಾಗ ನನ್ನ ಬಗ್ಗೆ ನನಗೇ ಅಭಿಮಾನ ಉಕ್ಕಿ ಬಂದಿತ್ತು.

ಮೇಲಿನಿಂದ ಒಂದು ಸುತ್ತೋಲೆಯೂ ಬಂದಿತ್ತು. ಹೊರಗುತ್ತಿಗೆಯವರ ನೇಮಕ, ರಜೆ, ತೆಗೆದುಹಾಕುವುದು ಎಲ್ಲ ಏಜೆನ್ಸಿಗೆ ಬಿಟ್ಟದ್ದು, ಕಚೇರಿಯವರು ಅದರಲ್ಲಿ ತಲೆಹಾಕಬಾರದು, ಶಿಫಾರಸು ಮಾಡಬಾರದು ಎಂದು. ಅದು ನನಗೆ ಬಹಳ ಹಿಡಿಸಿತು. ಆದರೆ ಸುತ್ತೋಲೆಯ ಮಾತು ಬೇರೆ, ನಡೆಯುವ ಮಾತು ಬೇರೆ. ಏಜೆನ್ಸಿಯವನು ಕಚೇರಿಯವರನ್ನು ಕೇಳದೆ ಯಾರನ್ನೂ ತೆಗೆಯುವುದಿಲ್ಲ. ನಾಳೆ ಅವನಿಗೆ ಮತ್ತೆ ಟೆಂಡರು ಬೇಕಲ್ಲ. ನಾನು ಹಿಂದೆ ಇದ್ದ ಕಚೇರಿಯೊಂದರಲ್ಲಿ ವಯಸ್ಸಾಯಿತು ಅಂತ ಒಬ್ಬ ಕಾವಲುಗಾರನನ್ನು ತೆಗೆಯಲು ಹೊರಟಿದ್ದರು. ಅಲ್ಲಿಯ ಅಧೀಕ್ಷಕರು ಬಾಯಿಯ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿ, ಫೋನಿನಲ್ಲಿ “ಅಂವ ಇಲ್ಲೇ ಇರ್ಲಿ” ಎಂದರು. ಮಾತು ಅಲ್ಲಿಗೆ ಮುಗಿಯಿತು. ಕಚೇರಿಯವರ ಒಂದು ಮಾತಿಗೆ ಅಷ್ಟು ತೂಕವಿದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿರಲಿಲ್ಲ ಎಂದು ಈಗ ಹೇಳಲು ಬರುವುದಿಲ್ಲ.

ಆ ಹುಡುಗಿ ನಮ್ಮಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದಳು, ನಾನು ಆ ಕಚೇರಿಗೆ ವರ್ಗವಾಗಿ ಬರುವುದಕ್ಕೂ ಮುಂಚಿನಿಂದ. ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ಕಚೇರಿಯ ಫೋನು ಎತ್ತಿದರೆ “ಹೇಳ್ರಿ, ಏನಾಗೇತಿ?” ಎಂದು ಡಾಕ್ಟರ ಹಾಗೆ ಕೇಳುತ್ತಿದ್ದಳು. ಪ್ರಿಂಟರು ಕಾಗದ ನುಂಗಿದರೆ ಅದಕ್ಕೆ ಕೈಮುಗಿಯುತ್ತಿದ್ದಳು, ಮತ್ತೆ ನುಂಗಿದರೆ ಬೈಯುತ್ತಿದ್ದಳು. ಎಲ್ಲರೂ ನನ್ನನ್ನು ಮೇಡಂ ಎನ್ನುವಾಗ ಅವಳೊಬ್ಬಳು ಅಕ್ಕಾರ ಎನ್ನುತ್ತಿದ್ದಳು. ಬೇರೆ ಯಾರಾದರೂ ಹಾಗೆ ಕರೆದಿದ್ದರೆ ತಿದ್ದುತ್ತಿದ್ದೆ. ಅವಳನ್ನು ತಿದ್ದಲಿಲ್ಲ. ನನಗೆ ಇಬ್ಬರೂ ಗಂಡುಮಕ್ಕಳು, ಮನೆಯಲ್ಲಿ ಹೀಗೆ ಬಾಯ್ತುಂಬ ಕರೆಯುವವರಿಲ್ಲ. ಕಿವಿಗೆ ಹಿತವಾಗುತ್ತಿತ್ತು.

ದೀಪಾವಳಿ ಮುಗಿದ ಮೇಲೆ ಒಂದು ದಿನ ಕಚೇರಿಯ ಹಿಂದಿನ ನಳದ ಹತ್ತಿರ ಅವಳು ವಾಂತಿ ಮಾಡುತ್ತಿದ್ದುದನ್ನು ಕಂಡೆ. ಬೆನ್ನು ಸವರಿದೆ, ನೀರು ಕೊಟ್ಟೆ. ಮುಖ ತೊಳೆದುಕೊಂಡು ಸುತ್ತ ಯಾರಿದ್ದಾರೆ ಅಂತ ನೋಡಿದಳು.

“ಮೂರರಾಗ ಐತ್ರಿ ಅಕ್ಕಾರ,” ಎಂದಳು.

“ಛಲೋ ಆತಲ್ಲ ಮತ್ತ. ಯಾಕ ಹಂಗ ಅಂಜಿ ನೋಡ್ತೀ?”

“ಯಾರಿಗೂ ಹೇಳಬ್ಯಾಡ್ರಿ. ಮಾರ್ಚಿ ದಾಟೂತನಕ ಏಜೆನ್ಸಿಯವರಿಗೆ ಗೊತ್ತಾಗಬಾರದು. ಹೊಸಾ ಕರಾರಿನಾಗ ಹೆಸರು ಬಂತಂದ್ರ ಹೆರಗಿ ರಜಾನೂ ಸಿಗತೈತಿ, ಜಾಗಾನೂ ಉಳೀತೈತಿ. ಅದಕ್ಕಿಂತ ಮೊದಲ ಗೊತ್ತಾದ್ರ ನನ್ನ ಬಿಟ್ಟು ಬ್ಯಾರೇದವರ ಹೆಸರು ಬರೀತಾರ.”

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕಾನೂನಿನಲ್ಲಿ ಅವರಿಗೂ ಹೆರಿಗೆ ರಜೆ ಇದೆ. ಆದರೆ ಬಸುರಿ ಎಂದು ಗೊತ್ತಾದರೆ ಕರಾರು ಹೊಸದಾಗುವಾಗ ಹೆಸರು ಸದ್ದಿಲ್ಲದೆ ಜಾರಿಹೋಗುತ್ತದೆ, ಆಮೇಲೆ ಯಾರನ್ನು ಕೇಳಬೇಕು? ನಾನು ಇಬ್ಬರು ಮಕ್ಕಳಿಗೂ ಪೂರಾ ಪಗಾರದ ರಜೆ ಹಾಕಿ ತವರಿನಲ್ಲಿ ಕಾಲು ಚಾಚಿ ಮಲಗಿದವಳು. ಅವಳ ಮಾತಿಗೆ ತಲೆಯಾಡಿಸಿದೆ. “ನನ್ನ ಬಾಯಿಂದ ಹೊರಗ ಹೋಗಂಗಿಲ್ಲ, ಹೋಗು,” ಎಂದೆ.

ಏಜೆನ್ಸಿಯ ಸುಪರ್‌ವೈಸರು ನಮ್ಮ ಕಚೇರಿಗೆ ಬರುವುದೇ ಅಪರೂಪ. ಹಾಜರಿಯೆಲ್ಲ ಫೋನಿನಲ್ಲೇ, ಅದೂ ನನ್ನ ಫೋನಿನಲ್ಲಿ. ಹಾಗಾಗಿ ಅವನ ಕಣ್ಣಿಗೆ ಬೀಳದೆ ದಿನ ನೂಕುವುದು ಅವಳಿಗೆ ಕಷ್ಟವಾಗಲಿಲ್ಲ. ಚಳಿಗಾಲ ಪೂರ್ತಿ ಶಾಲು ಹೊದ್ದು ಟೇಬಲ್ಲಿನ ಹಿಂದೆ ಕೂತಳು. ಸಂಕ್ರಮಣ ಕಳೆದು ಬಿಸಿಲು ಏರಿದ ಮೇಲೂ ಶಾಲು ಇಳಿಯಲಿಲ್ಲ. ಗಂಡಸರಿಗೆ ಏನೂ ಗೊತ್ತಾಗಲಿಲ್ಲ, ಅವರಿಗೆ ಯಾವುದು ತಾನೇ ಗೊತ್ತಾಗುತ್ತದೆ. ಹೆಂಗಸರ ಕಣ್ಣು ತಪ್ಪಿಸಲು ಮಾತ್ರ ಆಗಲಿಲ್ಲ. ನಮ್ಮಲ್ಲಿದ್ದ ಇಬ್ಬರು ಕಾಯಂ ಗುಮಾಸ್ತೆಯರು ಒಂದು ಮಧ್ಯಾಹ್ನ ಡಬ್ಬಿ ಬಿಚ್ಚಿಕೊಂಡು ಕೂತಾಗ ಮಾತು ತೆಗೆದರು.

“ಏಳರಾಗ ಬಿದ್ದೈತಿ. ಆಕಿಗೆ ತಾಯಿ ಇಲ್ಲ. ತವರಿನ ಕುಬಸ ಯಾರು ಮಾಡ್ತಾರ ಪಾಪ? ನಾವೇ ಮಾಡೂಣು,” ಎಂದರು.

ಕುಬಸ ಎಂದರೆ ನಮ್ಮ ಕಡೆ ಬಸುರಿಗೆ ತವರಿನವರು ಮಾಡುವ ಸಂಭ್ರಮ. ಹಸಿರು ಸೀರೆ, ಕುಬಸದ ಖಣ ಅಂದರೆ ರವಿಕೆಯ ಬಟ್ಟೆ, ಹಸಿರು ಬಳೆ ತಂದು, ಉಡಿ ತುಂಬಿ, ಬಯಕೆಯ ಊಟ ಉಣಿಸುತ್ತಾರೆ. ಹುಡುಗಿಯ ತಾಳಿಕೋಟೆಯ ಮನೆಯಲ್ಲಿ ಅಪ್ಪ ಮತ್ತು ಮದುವೆಯಾಗದ ಅಣ್ಣ ಮಾತ್ರ. ಗುಮಾಸ್ತೆಯರ ಮಾತು ನನಗೆ ಒಳಗೆ ತಾಕಿತು.

ಆದರೆ ಹುಡುಗಿ ಒಪ್ಪಲಿಲ್ಲ. “ಬ್ಯಾಡ್ರಿ, ಅದೆಲ್ಲ ಯಾಕ್ರಿ,” ಎಂದು ಅವರಿಗೆ ನಗುತ್ತ ಹೇಳಿ, ನನ್ನ ಕಡೆ ನೋಡಿದಳು. ಅವಳು ಬೇಡ ಎನ್ನುವ ಕಾರಣ ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಅವರಿಬ್ಬರನ್ನೂ ಪಕ್ಕಕ್ಕೆ ಕರೆದು ಏಪ್ರಿಲ್ ಬರಲಿ, ಒಂಬತ್ತರಲ್ಲಿ ಮಾಡೋಣ ಎಂದಿದ್ದರೆ ಮುಗಿಯುತ್ತಿತ್ತು. ನಾನು ಅನ್ನಲಿಲ್ಲ. ಯಾಕೆ ಅನ್ನಲಿಲ್ಲ ಎಂದು ಬಹಳ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಅವಳಿಗೆ ತಾಯಿಯಾಗುವ ಆಸೆ ನನಗಾಗಿತ್ತು. ಅಷ್ಟೇ ಆಗಿದ್ದರೆ ಕ್ಷಮಿಸಬಹುದಿತ್ತೇನೋ. ಅವಳಿಗೆ ತಾಯಿಯಾದದ್ದನ್ನು ನಾಲ್ಕು ಜನ ನೋಡಬೇಕು ಎಂಬ ಆಸೆಯೂ ಇತ್ತು. ಇಷ್ಟು ವರ್ಷ ಖಡಕ್ ಖಡಕ್ ಎನ್ನಿಸಿಕೊಂಡು ಸಾಕಾಗಿತ್ತು, ಒಳ್ಳೆಯವಳು ಎನ್ನಿಸಿಕೊಳ್ಳುವ ಚಪಲ ಹತ್ತಿತ್ತು.

“ನಾ ಇದ್ದೇನಲ್ಲ, ಯಾಕ ಅಂಜತೀ? ಆಫೀಸಿನ ಮಾತು ಆಫೀಸಿನಾಗ ಇರತೈತಿ,” ಎಂದೆ.

“ನೀವು ಹೇಳ್ತೀರಿ ಅಂದಮ್ಯಾಗ ಆತ್ರಿ,” ಎಂದಳು.

ಒಂದು ಶನಿವಾರ ಮಧ್ಯಾಹ್ನ ಸಭೆಯ ಕೋಣೆಯಲ್ಲಿ ಕುಬಸ ಮಾಡಿದೆವು. ಸಾಹೇಬರು ಕೂಡುವ ಕೈಕುರ್ಚಿಗೆ ರೇಷ್ಮೆ ಸೀರೆ ಹೊದಿಸಿ ಅವಳನ್ನು ಕೂಡಿಸಿದೆವು. ಗುಮಾಸ್ತೆಯರು ಸಜ್ಜಿರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮೊಸರುಬುತ್ತಿ ತಂದಿದ್ದರು. ನಾನು ಬೆಳಗಿನ ಐದಕ್ಕೇ ಎದ್ದು ಹೋಳಿಗೆ ಮಾಡಿಕೊಂಡು ಹೋಗಿದ್ದೆ. ಹೊರಗುತ್ತಿಗೆಯವರ ಕೈಯಿಂದ ಒಂದು ಬಾಳೆಹಣ್ಣು ತೆಗೆದುಕೊಳ್ಳದವಳು ಅವಳ ಬಾಯಿಗೆ ನನ್ನ ಕೈಯಾರೆ ಹೋಳಿಗೆ ಇಟ್ಟೆ. ಹಸಿರು ಬಳೆ ತೊಡಿಸಿದೆ, ಉಡಿ ತುಂಬಿದೆ. ಸಾಹೇಬರು ಬಾಗಿಲಲ್ಲಿ ನಿಂತು, “ನೋಡ್ರಿ, ಇದು ಆಫೀಸ್ ಅಲ್ಲ, ಒಂದು ಕುಟುಂಬ,” ಎಂದು ಭಾಷಣ ಮಾಡಿ ಎರಡು ಹೋಳಿಗೆ ತಿಂದು ಹೋದರು. ಹುಡುಗಿ ಮೊದಲು ಮುದುಡಿಕೊಂಡು ಕೂತಿದ್ದಳು. ಆರತಿಯ ಹೊತ್ತಿಗೆ ಅವಳ ಕಣ್ಣು ತುಂಬಿದವು. ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲೇ ಇಲ್ಲ. ನನಗೂ ಅಳು ಬಂತು, ಆ ಅಳುವಿನಲ್ಲಿ ಕಪಟವಿರಲಿಲ್ಲ, ಇದನ್ನು ಯಾರು ನಂಬಿದರೂ ಬಿಟ್ಟರೂ ನಿಜ.

ಸಂಜೆ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ಫೋನು ತೆಗೆದು ಫೋಟೋಗಳನ್ನು ನೋಡಿದೆ. ಬಳೆ ತೊಡಿಸುವ ಫೋಟೋದಲ್ಲಿ ನಾನು ಬಹಳ ಚೆಂದ ಬಂದಿದ್ದೆ. ಅದನ್ನು ವಾಟ್ಸಪ್ ಸ್ಟೇಟಸ್ಸಿಗೆ ಹಾಕಿ, ಕೆಳಗೆ “ನಮ್ಮ ಆಫೀಸಿನ ಮನೆಮಗಳ ಕುಬಸ” ಎಂದು ಬರೆದೆ. ಮೆಚ್ಚುಗೆ ಬರಲು ಶುರುವಾಯಿತು. ಸೋಲಾಪುರದ ನನ್ನ ಮಾಮಿ “ಕಿತೀ ಛಾನ್”, ಎಷ್ಟು ಚೆಂದ, ಎಂದು ಕಳಿಸಿದಳು, ಅಕ್ಕನ ಮಗಳು ಹೂವು ಕಳಿಸಿದಳು. ಯಾರು ಯಾರು ನೋಡಿದ್ದಾರೆ ಎಂದು ಪಟ್ಟಿ ತೆರೆದೆ. ಮಾಮಿ, ಮೈದುನ, ಹಳೆಯ ಕಚೇರಿಯ ಇಬ್ಬರು, ಹಾಲಿನವನು. ಹಾಲಿನವನ ಕೆಳಗೆ ಏಜೆನ್ಸಿ ಸುಪರ್‌ವೈಸರ್.

ಹಾಜರಿಗೆಂದು ಅವನ ನಂಬರನ್ನು ನಾನೇ ಫೋನಿನಲ್ಲಿ ಇಟ್ಟುಕೊಂಡಿದ್ದೆ, ಅವನ ಫೋನಿನಲ್ಲಿ ನನ್ನದಿತ್ತು. ಅದು ನೆನಪೇ ಆಗಿರಲಿಲ್ಲ. ಮೆಚ್ಚುಗೆಯ ಹಸಿವಿನಲ್ಲಿ ಯಾವುದು ನೆನಪಾಗುತ್ತದೆ? ಗಡಿಬಿಡಿಯಲ್ಲಿ ಸ್ಟೇಟಸ್ಸು ಅಳಿಸಿದೆ. ಅಳಿಸಿದ್ದನ್ನು ನೋಡಿ ಮಾಮಿ ಯಾಕೆ ತೆಗೆದೆ ಎಂದು ಕೇಳಿದಳು. ಸುಪರ್‌ವೈಸರು ಮಾತ್ರ ಎರಡು ಕೈ ಮುಗಿದ ಚಿತ್ರ ಕಳಿಸಿದ್ದ. ಭಾನುವಾರ ಪೂರ್ತಿ, ಅವನು ಸರಿಯಾಗಿ ನೋಡಿರಲಿಕ್ಕಿಲ್ಲ, ನೋಡಿದರೂ ಯಾರೆಂದು ಗುರುತು ಹಿಡಿದಿರಲಿಕ್ಕಿಲ್ಲ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಹುಡುಗಿಗೆ ಫೋನು ಮಾಡಿ ಹೀಗಾಯಿತು ಎಂದು ಹೇಳುವ ಧೈರ್ಯವಾಗಲಿಲ್ಲ.

ಸೋಮವಾರ ಊಟಕ್ಕೆ ಏಳುವ ಹೊತ್ತಿಗೆ ಅವನ ಫೋನು ಬಂತು. ಹುಡುಗಿ ನನ್ನ ಎದುರಿನ ಟೇಬಲ್ಲಿನಲ್ಲಿ ಟೈಪು ಮಾಡುತ್ತಿದ್ದಳು, ಕೈತುಂಬ ನಾವು ತೊಡಿಸಿದ ಬಳೆ.

ಅವನು ಕೆಟ್ಟದಾಗಿ ಮಾತಾಡಲಿಲ್ಲ. ಅವನನ್ನು ರಾಕ್ಷಸ ಮಾಡಿದರೆ ನನಗೆ ಅನುಕೂಲ, ಆದರೆ ಅವನು ಬಹಳ ಮರ್ಯಾದೆಯ ಮನುಷ್ಯ. “ಮೇಡಂ, ಫೋಟೋ ನೋಡಿದೆ, ಭಾಳ ಛಲೋ ಮಾಡೀರಿ,” ಎಂದೇ ಶುರುಮಾಡಿದ. “ಆದ್ರ ಆ ಹೆಣ್ಮಗಳು ಹೆರಗಿಗೆ ಹೋದ್ರ ನಿಮ್ಮ ಕೆಲಸ ನಿಂದರತೈತಿ. ಈ ತಿಂಗಳಿಗೇ ಬಿಡಿಸಿ ಬ್ಯಾರೇದವರನ್ನ ಕಳಸ್ತೇನಿ. ಹೊಸಾ ಕರಾರಿನಾಗ ಅವರ ಹೆಸರೇ ಹಾಕ್ತೇವಿ. ನಿಮ್ಮದೇನರೆ ತಕರಾರು ಐತೇನ್ರಿ? ನೀವು ಬ್ಯಾಡ ಅಂದ್ರ ಬ್ಯಾಡ್ರಿ, ನಾ ಏನೂ ಮಾಡಂಗಿಲ್ಲ.”

ಇದಕ್ಕಿಂತ ಬಿಡಿಸಿ ಯಾರೂ ಕೇಳಲಾರರು. ಹುಡುಗಿಯ ಕೈ ಕೀಲಿಮಣೆಯ ಮೇಲೆ ನಿಂತಿದ್ದನ್ನು ಕಂಡೆ. ಅವಳಿಗೆ ಆ ಕಡೆಯ ಮಾತು ಕೇಳಿಸಿತೋ ಇಲ್ಲವೋ ಗೊತ್ತಿಲ್ಲ, ನನ್ನ ಮುಖ ಕಾಣಿಸುತ್ತಿತ್ತು. ನನ್ನ ತಲೆಯಲ್ಲಿ ಏನೇನೋ ಓಡಿತು. ಮಾರ್ಚಿಯ ಬಿಲ್ಲುಗಳು ಬಾಕಿ ಇವೆ. ಇವಳು ರಜೆ ಹಾಕಿದರೆ ಕೆಲಸ ನನ್ನ ತಲೆಗೆ ಬರುತ್ತದೆ. ಶಿಫಾರಸು ಮಾಡಿದೆ ಎಂದು ನಾಳೆ ಯಾರಾದರೂ ಸಾಹೇಬರ ಕಿವಿಗೆ ಹಾಕಿದರೆ? ಹುಡುಗಿ ನಾಳೆ ಕೋರ್ಟಿಗೆ ಹೋಗಿ ಕಾಯಂ ಮಾಡಿ ಎಂದರೆ? ಆಗ ಆ ಸುತ್ತೋಲೆ ನೆನಪಾಯಿತು. ಶನಿವಾರ ಹೋಳಿಗೆ ಮಾಡುವಾಗ ನೆನಪಾಗದ ಸುತ್ತೋಲೆ ಸೋಮವಾರ ಅಕ್ಷರ ಅಕ್ಷರ ನೆನಪಾಯಿತು.

“ಹೊರಗುತ್ತಿಗೆಯವರ ವಿಷಯದಾಗ ನಾವು ತಲಿ ಹಾಕಂಗಿಲ್ರಿ. ಅವರು ನಿಮ್ಮ ಮಂದಿ. ನೀವು ನೋಡಿ ಮಾಡ್ರಿ,” ಎಂದೆ.

“ಆತ್ರಿ ಮೇಡಂ. ನಮಸ್ಕಾರ್ರಿ,” ಎಂದು ಅವನು ಇಟ್ಟುಬಿಟ್ಟ.

“ಏಜೆನ್ಸಿಯವರದೇನ್ರಿ ಅಕ್ಕಾರ?” ಎಂದು ಹುಡುಗಿ ಕೇಳಿದಳು.

“ಹೌದು,” ಎಂದೆ.

ಅವಳು ಟೈಪು ಮಾಡುತ್ತಿದ್ದುದನ್ನು ಮುಗಿಸಿ, ಪ್ರಿಂಟು ತೆಗೆದು, ನನ್ನ ಮುಂದೆ ಸಹಿಗೆ ಇಟ್ಟಳು. ಸಹಿ ಮಾಡಿದೆ. ಅವತ್ತು ನಾನು ಊಟಕ್ಕೆ ಅವರ ಜೊತೆ ಕೂಡಲಿಲ್ಲ, ತಲೆನೋವು ಎಂದು ಹೇಳಿದೆ.

ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ ಎನ್ನುತ್ತಾರೆ. ನಮ್ಮ ಮನೆಯ ಮುಂದೆ ನಿಜವಾಗಿಯೂ ಬೃಂದಾವನವಿದೆ, ದಿನಾ ನೀರು ಹಾಕುತ್ತೇನೆ. ಮರುದಿನ ಬೆಳಿಗ್ಗೆ ನೀರು ಹಾಕುವಾಗ ಆ ಗಾದೆ ನೆನಪಾಗಿ ತಂಬಿಗೆ ಅಲ್ಲೇ ಇಟ್ಟು ಒಳಗೆ ಬಂದೆ. ಗೆರೆ ಎಳೆದದ್ದಕ್ಕೆ ನನಗೆ ನಾಚಿಕೆಯಿಲ್ಲ. ನನಗೆ ಬೇಕಾದಾಗ ಅದನ್ನು ದಾಟಿ ಅವಳಿಗೆ ತವರಾದೆ, ಅವಳಿಗೆ ಬೇಕಾದಾಗ ಹಿಂದೆ ಸರಿದು ನಿಂತು ಅದೇ ಗೆರೆ ತೋರಿಸಿದೆ. ಅಜ್ಜಿಯ ಮಡಿಯನ್ನು ಎಷ್ಟು ಬೈದಿದ್ದೆ. ಅಜ್ಜಿಯ ಗೆರೆಯಾದರೂ ದಿನಾ ಒಂದೇ ಜಾಗದಲ್ಲಿರುತ್ತಿತ್ತು.

ತಿಂಗಳ ಕೊನೆಗೆ ಹುಡುಗಿ ಹೋದಳು. ಅವಳ ಜಾಗಕ್ಕೆ ಇನ್ನೊಬ್ಬಳು ಬಂದಳು, ಮದುವೆಯಾಗದವಳು, ಕೆಲಸ ಮಾಡುತ್ತಾಳೆ, ಮಾತು ಕಡಿಮೆ. ಗುಮಾಸ್ತೆಯರು ಊಟದ ಹೊತ್ತಿಗೆ ಏಜೆನ್ಸಿಯವನಿಗೆ ಹಿಡಿ ಶಾಪ ಹಾಕಿದರು. “ಬಸುರಿ ಹೆಣ್ಮಗಳನ್ನ ಹೊರಗ ಹಾಕಿದನಲ್ಲ, ಅವನ ಮನಿ ಹಾಳಾಗ್ಲಿ,” ಎಂದರು. ನಾನೂ “ಕರುಳಿಲ್ಲದಂವ,” ಎಂದೆ. ಅದನ್ನೇ ಎರಡು ಮೂರು ಸಲ ಎಂದೆ.

ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರು ಹೈಸ್ಕೂಲಿನಲ್ಲಿ ಮಾಸ್ತರರಾಗಿದ್ದವರು, ಎಲ್ಲಕ್ಕೂ ಸಮಾಧಾನ. “ನೀ ರೂಲ್ ಪ್ರಕಾರ ನಡದೀದಿ. ನಿನ್ನ ತಪ್ಪೇನದ ಇದರಾಗ?” ಎಂದರು. ಆ ಸಮಾಧಾನ ಕೇಳಿ ನನಗೆ ಮೈಯೆಲ್ಲ ಉರಿಯಿತು. ಸಾರಿಗೆ ಉಪ್ಪು ಜಾಸ್ತಿ ಎಂದು ಅವರು ಹೇಳಿದ್ದೇ ನೆವವಾಗಿ ದೊಡ್ಡ ಜಗಳ ಮಾಡಿದೆ. ಪಾಪ, ಅವರಿಗೆ ಕೊನೆಯವರೆಗೂ ಉಪ್ಪಿನ ಜಗಳ ಎಂದೇ ಅನ್ನಿಸಿತ್ತು.

ಹೆರಿಗೆಯಾಯಿತು, ಹೆಣ್ಣುಮಗು ಎಂದು ಗುಮಾಸ್ತೆಯರಿಂದ ಗೊತ್ತಾಯಿತು. ಅವರು ಹೋಗಿ ನೋಡಿಬಂದರು. ನನ್ನನ್ನೂ ಕರೆದರು, ಬಿಲ್ಲು, ಆಡಿಟ್ಟು, ಮಂಡಿನೋವು ಎಂದು ತಪ್ಪಿಸಿಕೊಂಡೆ. ಮುಂದೆ ಮನಗೂಳಿಯಲ್ಲಿ ಸಂಬಂಧಿಕರ ಒಂದು ಮದುವೆ ಬಂತು. ಊಟ ಮುಗಿಸಿ ಹೊರಗೆ ಬಂದರೆ ಅಕ್ಕನ ಮಗ ಕಾರು ತಂದಿದ್ದ, ಮುಳವಾಡದ ಕಡೆ ಅವನಿಗೆ ಏನೋ ಕೆಲಸವಿತ್ತು. ನಾನೂ ಹತ್ತಿದೆ. ಧೈರ್ಯ ಮಾಡಿ ಹೋದೆ ಎಂದು ಹೇಳಿಕೊಳ್ಳಲಾರೆ, ಕಾರು ಆ ಕಡೆ ಹೋಗುತ್ತಿತ್ತು ಅಂತ ಹೋದೆ. ಮಗುವಿನ ತಲೆಗೆ ಒಂದು ಕುಂಚಿಗೆ, ಮೈಗೆ ಒಂದು ಫ್ರಾಕು ಮನಗೂಳಿಯ ಅಂಗಡಿಯಲ್ಲೇ ತೆಗೆದುಕೊಂಡೆ.

ಕಾಲುವೆ ನೀರು ಬಂದ ಮೇಲೆ ಆ ಕಡೆ ಹೊಲಗಳೆಲ್ಲ ಹಸಿರಾಗಿವೆ. ಹುಡುಗಿಯ ಗಂಡನದು ಎರಡು ಖೋಲಿಯ, ಮುಂದೆ ತಗಡು ಇಳಿಬಿಟ್ಟ ಮನೆ. ಅಂಗಳದಲ್ಲಿ ಉಳ್ಳಾಗಡ್ಡಿ ಹರವಿದ್ದರು. ಅವಳ ಅತ್ತೆ ಕುಬಸದ ಫೋಟೋದಲ್ಲಿ ನನ್ನನ್ನು ನೋಡಿದ್ದಳಂತೆ, ಕಂಡವಳೇ ಕೈ ಒರೆಸಿಕೊಂಡು ಎದ್ದು, “ಬರ್ರಿ ಬರ್ರಿ. ನನ್ನ ಸೊಸಿ ತವರುಮನಿಯವರು ಬಂದ್ರು,” ಎಂದು ನನ್ನ ಎರಡೂ ಕೈ ಹಿಡಿದಳು. ಕಾಲಿಗೆ ನೀರು ಕೊಟ್ಟಳು, ಹೊಸ ಚಾದರ ಹಾಸಿದಳು. ಹುಡುಗಿ ಒಳಗಿನಿಂದ ಮಗುವನ್ನು ಎತ್ತಿಕೊಂಡು ಬಂದಳು. ಸ್ವಲ್ಪ ಮೈ ತುಂಬಿಕೊಂಡಿದ್ದಳು. “ಬರ್ರಿ ಅಕ್ಕಾರ,” ಎಂದಳು. ನಗಲಿಲ್ಲ.

“ನಮ್ಮ ಸಲುವಾಗಿ ಆ ಏಜೆನ್ಸಿಯಾಂವನ ಕೂಡ ಎಷ್ಟ ಜಗಳಾಡೀರಿ ನೀವು,” ಎಂದಳು ಅತ್ತೆ. “ಎಲ್ಲಾ ಹೇಳ್ಯಾಳ ಇಕಿ. ಹೆತ್ತ ತಾಯಿನೂ ಅಷ್ಟ ಮಾಡಂಗಿಲ್ಲ. ತಡೀರಿ, ಚಾ ಇಟ್ಟ ಬರ್ತೇನಿ. ಬಾಜೂ ಮನಿಯವರಿಗೂ ನಿಮ್ಮನ್ನ ತೋರಸಬೇಕು.”

ಅತ್ತೆ ಹಿಂದಿನ ಬಾಗಿಲಿನಿಂದ ಹೊರಗೆ ಹೋದಳು. ನಾನು ಹುಡುಗಿಯ ಮುಖ ನೋಡಿದೆ. 

“ಹಂಗಂತ ನಾನೇ ಹೇಳೇನ್ರಿ,” ಎಂದಳು, ದನಿ ಇಳಿಸಿ. ಅವಳ ದನಿ ಅಷ್ಟು ಸಣ್ಣದಾಗಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. “ಆಫೀಸಿನಾಗ ಕುಬಸ ಬ್ಯಾಡ, ಸುದ್ದಿ ಹೊರಗ ಹೋಗತೈತಿ ಅಂತ ಅತ್ತಿ ಬಡಕೊಂಡಿದ್ರು. ಅಕ್ಕಾರು ಅದಾರ, ಏನೂ ಆಗಗೊಡಂಗಿಲ್ಲ ಅಂತ ನಾನೇ ವಾದಾ ಮಾಡಿ ಬಂದಿದ್ದೆ.”

“ನಾ ಅವತ್ತ ಫೋನಿನಾಗ...” ಎಂದು ಶುರುಮಾಡಿದೆ.

“ಕೇಳೇನ್ರಿ. ಎದುರಿಗೇ ಕುಂತಿದ್ನಲ್ಲ,” ಎಂದಳು. ಸಿಟ್ಟಿರಲಿಲ್ಲ, ನಡೆದದ್ದನ್ನು ಹೇಳುವಂತೆ ಹೇಳಿದಳು. “ಅಕ್ಕಾರು ಒಂದ ಮಾತೂ ಆಡಲಿಲ್ಲ ಅಂತ ಮನ್ಯಾಗ ಖರೇ ಹೇಳಿದ್ರ, ಮಂದಿನ್ನ ನಂಬಿ ಕೆಟ್ಟಿ ಅಂತಾರ. ಮುಂದ ಎಲ್ಲೂ ಕೆಲಸಕ್ಕ ಕಳಸಂಗಿಲ್ಲ. ಕೂಸು ಒಂದೀಟು ದೊಡ್ಡದಾದ್ರ ನಾ ಮತ್ತ ಹೋಗಬೇಕಾಗೇತಿ. ಅದಕ್ಕ ಹಂಗ ಹೇಳೇನಿ. ನಿಮ್ಮ ಸಲುವಾಗಿ ಅಲ್ರಿ.”

ನನ್ನ ಸಲುವಾಗಿ ಎಂದಿದ್ದರೆ ಅವಳ ಕಾಲು ಹಿಡಿದು ಅತ್ತು ಹಗುರವಾಗಿ ಬರುತ್ತಿದ್ದೆನೇನೋ. ಅದಕ್ಕೂ ಅವಳು ಜಾಗ ಬಿಡಲಿಲ್ಲ. ಕುಂಚಿಗೆ, ಫ್ರಾಕಿನ ಚೀಲವನ್ನು ಅವಳ ಪಕ್ಕದಲ್ಲಿಟ್ಟೆ. ಭೂಮಿ ಬಾಯಿಬಿಡಬಾರದೇ ಎಂದು ಹಿರಿಯರು ಅನ್ನುವುದನ್ನು ಬರೀ ಮಾತು ಎಂದುಕೊಂಡಿದ್ದೆ. ಆ ಚಾದರದ ಮೇಲೆ ಕೂತು ನಾನು ನಿಜವಾಗಿ ಹಾಗೆ ಬಯಸಿದೆ.

ಅಷ್ಟರಲ್ಲಿ ಅತ್ತೆ ಬಾಜೂ ಮನೆಯ ಇಬ್ಬರು ಹೆಂಗಸರನ್ನು ಕರೆದುಕೊಂಡು ಬಂದಳು. ಚಹಾ ಬಂತು, ಜೊತೆಗೆ ಅವಲಕ್ಕಿ ಬಂತು. ಎಲ್ಲರೂ ನನ್ನ ಸುತ್ತ ಕೂತರು. ಅತ್ತೆ ಅವರಿಗೆ, “ಇವರೇ ನೋಡ್ರಿ, ನಾ ಹೇಳ್ತಿದ್ದೆನಲ್ಲ,” ಎಂದಳು. ಅವರಲ್ಲಿ ಹಿರಿಯಳೊಬ್ಬಳು ಕೈಯನ್ನು ಗಲ್ಲಕ್ಕೆ ಹಚ್ಚಿ ನನ್ನನ್ನೇ ನೋಡುತ್ತ ಕೇಳಿದಳು.

“ಏನಂದ್ರಿ ಯವ್ವಾ ಅಂವಗ? ಹೇಳ್ರಿ ಒಂದೀಟು, ಕೇಳೂಣು.”

ಹುಡುಗಿ ತಲೆ ಎತ್ತಲಿಲ್ಲ, ಮಗುವಿನ ಮೈಮೇಲಿನ ಬಟ್ಟೆ ಸರಿಮಾಡುತ್ತಿದ್ದಳು. ಅವಳ ಮಾತು ಉಳಿಯಬೇಕಾದರೆ ನಾನು ಬಾಯಿ ತೆರೆಯಲೇಬೇಕಿತ್ತು. ತೆರೆದೆ.

“ಆಕಿ ನಮ್ಮ ಹುಡುಗಿ ಅಂದೆ. ಹೆರಗಿ ಆದಮ್ಯಾಗ ಮತ್ತ ಇಲ್ಲಿಗೇ ಬರ್ತಾಳ ಅಂದೆ. ಅಲ್ಲೀತನಕ ಬೇಕಾದ್ರ ಬ್ಯಾರೇದವರನ್ನ ಕಳಸ್ರಿ, ಆಕಿ ಜಾಗಾ ಮಾತ್ರ ಮುಟ್ಟಬ್ಯಾಡ್ರಿ, ಆಫೀಸಿನಿಂದ ತಕರಾರು ಐತಿ ಅಂದೆ.”

ಒಂದು ಕಡೆಯೂ ತೊದಲಲಿಲ್ಲ. ಹೆಂಗಸರು ತಲೆದೂಗಿದರು. ಫೋನಿನಲ್ಲಿ ಹೇಳಿದ್ದರೂ ಇಷ್ಟೇ ಹೊತ್ತು ಹಿಡಿಯುತ್ತಿತ್ತು, ಇಷ್ಟೇ ದನಿ ಸಾಕಾಗುತ್ತಿತ್ತು.

ಅತ್ತೆ ಅವಲಕ್ಕಿಯ ತಾಟನ್ನು ನನ್ನ ಹತ್ತಿರ ಸರಿಸಿ, “ಇಷ್ಟ ಹೇಳಿದ್ರೂ ಕೇಳಲಿಲ್ಲೇನ್ರಿ ಆ ಭಾಡ್ಯಾ?” ಎಂದಳು.

“ಇಲ್ರಿ,” ಎಂದೆ. “ಕೇಳಲಿಲ್ಲ.”